ಖಾಲಿ ಗಾಡಿ ತಳ್ಳಬಾರದು

ಅಂಗಡಿಯ ಬಾಗಿಲಲ್ಲಿ ಸೆಕ್ಯುರಿಟಿಯವನು ಕೈಯಲ್ಲಿದ್ದ ತಪಾಸಣೆಯ ಯಂತ್ರವನ್ನು ಕೆಳಗಿಳಿಸಿ, ದನಿ ತಗ್ಗಿಸಿ, “ಪಾಪು ಮಲಗೈತೆ, ಹೋಗಿ ಸಾರ್ ಹೋಗಿ” ಎಂದಾಗಲೇ ರುದ್ರೇಶ ಹೇಳಿಬಿಡಬೇಕಿತ್ತು, ಇದು ಪಾಪು ಅಲ್ಲ, ಕಲ್ಲು ಎಂದು. ಹೇಳಲಿಲ್ಲ. ಹೇಳಿದರೆ ಏನಾಗುತ್ತದೆ ಎನ್ನುವುದು ಅವನಿಗೆ ಆ ಅರೆಗಳಿಗೆಯಲ್ಲೇ ಪೂರ್ತಿ ಕಂಡುಹೋಯಿತು. ಸೆಕ್ಯುರಿಟಿಯವನು ಬಟ್ಟೆ ಸರಿಸಿ ನೋಡುತ್ತಾನೆ, ಹಿಂದೆ ನಿಂತವರು ಕತ್ತು ಚಾಚುತ್ತಾರೆ, ಖಾರ ಅರೆಯುವ ಗುಂಡಕಲ್ಲಿಗೆ ಕುಂಚಿಗೆ ಕಟ್ಟಿ ಎದೆಗವಚಿಕೊಂಡು ಮಕ್ಕಳ ಸಾಮಾನಿನ ಅಂಗಡಿಗೆ ಬಂದವನಿಗೆ ತಲೆ ಸರಿಯಿದೆಯೇ ಎಂದು ಯಾರೋ ಯಾರಿಗೋ ಪಿಸುಗುಡುತ್ತಾರೆ, ಆಗ ಅವನು ತನ್ನ ಅತ್ತೆಯ ವಿಷಯ ಹೇಳಬೇಕಾಗುತ್ತದೆ, ತೊಟ್ಟಿಲ ಶಾಸ್ತ್ರದ ವಿಷಯ ಹೇಳಬೇಕಾಗುತ್ತದೆ, ಅದನ್ನು ನಂಬುವುದಿಲ್ಲ ಎಂದೂ ಹೇಳಬೇಕಾಗುತ್ತದೆ, ನಂಬದಿದ್ದರೆ ಯಾಕೆ ತಂದಿರಿ ಎಂಬ ಪ್ರಶ್ನೆಗೂ ಸಿದ್ಧನಾಗಬೇಕಾಗುತ್ತದೆ. ಅದಕ್ಕಿಂತ ತಲೆಯಾಡಿಸಿ ಒಳಗೆ ಹೋಗುವುದು ಸುಲಭ. ಅವನು ಈವರೆಗೆ ಹೇಳಿದ ಸುಳ್ಳುಗಳಲ್ಲಿ ಹೆಚ್ಚಿನವು ಹೀಗೆ ಬಾಯಿ ತೆರೆಯದೆ ಹೇಳಿದವು.

ಒಳಗೆ ಎಸಿಯ ತಣ್ಣನೆ ಗಾಳಿ, ಹೊಸ ಪ್ಲಾಸ್ಟಿಕ್ಕಿನ ವಾಸನೆ, ಎಲ್ಲಿಂದಲೋ ಬರುತ್ತಿದ್ದ ಬೊಂಬೆಯೊಂದರ ಕಿಣಿಕಿಣಿ. ಭಾನುವಾರವಾದ್ದರಿಂದ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳೆಲ್ಲ ಇಲ್ಲಿಗೇ ಖಾಲಿಯಾದಂತಿತ್ತು. ಕಲ್ಲು ಎಡತೋಳಿನಲ್ಲಿ ಕುಳಿತ ಜಾಗದಲ್ಲಿ ಅಂಗಿ ಬೆವೆತಿತ್ತು. ಆಟೋದಲ್ಲಿ ಬರುವಾಗ ಅದನ್ನು ಪಕ್ಕದ ಸೀಟಿನ ಮೇಲೆ ಇಡೋಣವೆಂದುಕೊಂಡಿದ್ದ. ಹೂಡಿ ರೈಲ್ವೆ ಗೇಟಿನ ಹತ್ತಿರದ ಗುಂಡಿಗಳಲ್ಲಿ ಅದು ಉರುಳಿ ಕಾಲ ಮೇಲೆ ಬಿದ್ದೀತೆಂದು ತೊಡೆಯ ಮೇಲಿಟ್ಟುಕೊಂಡ. ತೊಡೆಯ ಮೇಲಿಂದ ಜಾರುತ್ತದೆಂದು ಕೊನೆಗೆ ತೋಳಿಗೆ ತೆಗೆದುಕೊಂಡ. ಆಟೋದವನು ಕನ್ನಡಿಯಲ್ಲಿ ನೋಡಿ ಗಾಡಿ ನಿಧಾನ ಮಾಡಿದ್ದ. ಇಡೀ ಊರು ತನ್ನ ಮೇಲೆ ಕರುಣೆ ತೋರಿಸಲು ನಿಂತಿದೆ, ಅದೂ ತಪ್ಪು ಕಾರಣಕ್ಕೆ, ಎಂದು ರುದ್ರೇಶನಿಗೆ ರೇಗಿತು.

ಬೆಳಗ್ಗೆ ಅವನು ಚಪ್ಪಲಿ ಮೆಟ್ಟುತ್ತಿದ್ದಾಗ ಕಮಲಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಿದ್ದಳು. ಮಗಳ ಬಾಣಂತನಕ್ಕೆಂದು ರಾಣೆಬೆನ್ನೂರಿನಿಂದ ಬಂದವಳು. ಬರುವಾಗ ಅಂಟಿನ ಉಂಡೆ, ಕೊಬ್ಬರಿ, ಹಳೆಯ ಸೀರೆಗಳ ಜೊತೆಗೆ ಈ ಕಲ್ಲನ್ನೂ ಹೊತ್ತು ತಂದಿದ್ದಳು. ಬೆಂಗಳೂರಿನ ಮನೆಗಳಲ್ಲಿ ಕಲ್ಲು ಇರುವುದಿಲ್ಲ ಎಂದು ಅವಳಿಗೆ ಯಾರೋ ಹೇಳಿದ್ದರಂತೆ. ತೊಟ್ಟಿಲಿಗೆ ಹಾಕುವ ದಿನ ಅದಕ್ಕೆ ನೀರೆರೆದು, ವಿಭೂತಿ ಹಚ್ಚಿ, ಕುಂಚಿಗೆ ಕಟ್ಟಿ, ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸಿದ್ದರು. ಗುಂಡಪ್ಪ, ಇವನೇ ಈ ಮನೆಯ ಹಿರಿಮಗ, ಕೂಸು ಇವನ ಹಾಂಗ ಗಟ್ಟಿ ಆಗ್ಲಿ ಎಂದು ಕಮಲಮ್ಮ ಹೇಳಿಕೊಟ್ಟಂತೆ ಹೇಳುತ್ತ ಪಕ್ಕದ ಫ್ಲ್ಯಾಟಿನ ಹೆಂಗಸರೆಲ್ಲ ನಗುತ್ತ ಕಲ್ಲಿಗೆ ಮುದ್ದು ಕೊಟ್ಟಿದ್ದರು. ರುದ್ರೇಶ ಆಗ ಬಾಲ್ಕನಿಯಲ್ಲಿ ನಿಂತು ಮಗುವನ್ನು ಮಲಗಿಸಿ ತಳ್ಳುವ ಗಾಡಿಗಳ, ಅಂದರೆ ಪ್ರಾಮುಗಳ, ಬಗ್ಗೆ ಯಾರೋ ಇಂಟರ್‌ನೆಟ್ಟಿನಲ್ಲಿ ಬರೆದ ದೂರುಗಳನ್ನು ಓದುತ್ತಿದ್ದ.

“ಅಂಗಡ್ಯಾಗ ತಳ್ಳಿ ನೋಡ್ತೀರೇನ್ರಿ ಗಾಡಿನ?” ಎಂದಳು ಕಮಲಮ್ಮ.

“ತಳ್ಳದೆ ಹೆಂಗ ಗೊತ್ತಾಗತೈತಿ ಅತ್ತಿ?”

“ಖಾಲಿ ತೊಟ್ಟಿಲಾ ತೂಗಬಾರದು ಅಂತ ನಿಮ್ಮ ಮನ್ಯಾಗ ಯಾರೂ ಹೇಳಿಲ್ಲೇನು?”

“ಅದು ತೊಟ್ಟಿಲಲ್ಲ. ಪ್ರಾಮ್.”

“ಕೂಸು ಮಲಗತೈತೋ ಇಲ್ಲೋ ಅದರಾಗ?”

“ಮಲಗತೈತಿ.”

“ಮತ್ತ?”

ಆ ‘ಮತ್ತ’ಕ್ಕೆ ಉತ್ತರ ಕೊಡಲು ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಒಳಗೆ ಹೋಗಿ ಗುಂಡಪ್ಪನನ್ನು ಮಡಿಲಿಗೆ ಹಾಕಿಕೊಂಡು ಬಂದು, “ಅವರಣ್ಣನ್ನ ಕರ್ಕೊಂಡು ಹೋಗ್ರಿ. ಮೊದ್ಲ ಅಂವ ಮಲಗಿ ನೋಡ್ಲಿ” ಎಂದು ಅವನ ತೋಳಿಗೆ ದಾಟಿಸಿಬಿಟ್ಟಿದ್ದಳು. ಅವನು ಹೆಂಡತಿ ಭಾಗ್ಯಶ್ರೀಯ ಕಡೆ ನೋಡಿದ. ಮಂಚದ ಮೇಲೆ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ ಅವಳು, ಮಗುವನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟುತ್ತ, ಅವನನ್ನಲ್ಲ, ಅವನ ತೋಳನ್ನು ನೋಡುತ್ತಿದ್ದಳು. ಆ ನೋಟ ತಪ್ಪಿಸಲಿಕ್ಕಾದರೂ ಅವನು ಹೊರಡಬೇಕಾಯಿತು. ಲಿಫ್ಟಿನಲ್ಲಿ ಇಳಿಯುತ್ತ, ಹಾಗೆ ನೋಡಿದರೆ ಭಾರ ಹಾಕದೆ ಬ್ರೇಕು ಪರೀಕ್ಷೆ ಮಾಡುವುದು ಅರ್ಥವಿಲ್ಲದ್ದೇ ಎಂದು ಹೊಳೆದು, ಅತ್ತೆಯ ಮಾತು ತನ್ನ ಇಂಜಿನಿಯರಿಂಗಿಗೆ ಸರಿಹೊಂದಿದ್ದೇ ಅವನಿಗೆ ಹೆಚ್ಚಿನ ಸಿಟ್ಟು ತರಿಸಿತ್ತು.

“ಹಾಯ್ ಸರ್, ನ್ಯೂಬಾರ್ನಾ?” ಎಂದು ಅಂಗಡಿಯ ಹುಡುಗಿ ಎದುರಾದಳು. ಎದೆಯ ಮೇಲಿನ ಪಟ್ಟಿಯಲ್ಲಿ ಸೌಮ್ಯಾ ಎಂದಿತ್ತು. “ಅಯ್ಯೋ, ಎಷ್ಟು ನೀಟಾಗಿ ಎತ್ಕೊಂಡಿದೀರಾ ಸರ್. ಜೆಂಟ್ಸ್‌ಗೆ ಇಷ್ಟು ಬೇಗ ಬರಲ್ಲ. ನಮ್ಮ ಮನೆಯವ್ರು ಆರು ತಿಂಗಳು ಮುಟ್ಟೇ ಇರ್ಲಿಲ್ಲ ಗೊತ್ತಾ?”

ಅವನು ತೋಳನ್ನು ನೋಡಿಕೊಂಡ. ಅಂಗೈ ಕುಂಚಿಗೆಯ ಕೆಳಗೆ, ತಲೆ ಇರಬೇಕಾದ ಕಡೆ, ಬೆರಳುಗಳನ್ನು ಬಿಡಿಸಿಕೊಂಡು ಕೂತಿತ್ತು. ಯಾರು ಹೇಳಿಕೊಟ್ಟರು ಇದಕ್ಕೆ? ಆಸ್ಪತ್ರೆಯಲ್ಲಿ ಇದೇ ಕೈ. ನರ್ಸು ಬಿಳಿ ಬಟ್ಟೆಯ ಗಂಟನ್ನು ಚಾಚಿ, ಹೆಣ್ಣುಮಗು, ತಗೊಳ್ಳಿ ಅಪ್ಪ, ಎಂದಿದ್ದಳು. ತೂಕ ಕಡಿಮೆ, ಆದರೂ ಚೆನ್ನಾಗಿದಾಳೆ, ಎಂದೂ ಹೇಳಿದ್ದಳು. ಅವನು ತೆಗೆದುಕೊಂಡಿದ್ದ. ಬಟ್ಟೆಯೊಳಗೆ ಏನೋ ಒಂದು ಸರಕ್ಕನೆ ತಿರುಗಿತು, ಮೀನು ತಿರುಗುವ ಹಾಗೆ, ಅವನ ಮೊಣಕೈಯಿಂದ ಕೆಳಗೆ ಎಲ್ಲ ನಡುಗತೊಡಗಿತು, ಬಿಡುತ್ತೇನೆ, ಈಗ ಬಿಡುತ್ತೇನೆ, ಎನ್ನುವುದು ಭಯವಾಗಿ ಅಲ್ಲ, ಆಗಲೇ ನಡೆದುಹೋದ ಸಂಗತಿಯ ಹಾಗೆ ಅವನಿಗೆ ಗೊತ್ತಾಯಿತು. “ತಗೊಳ್ರಿ ಸಿಸ್ಟರ್, ತಗೊಳ್ರಿ” ಎಂದು ಹಿಂದಕ್ಕೆ ಚಾಚಿದ್ದ. ಅವನ ದನಿ ಹೇಗಿತ್ತೆಂದರೆ ಸಿಸ್ಟರ್ ಏನೋ ಬಿಸಿಯದನ್ನು ಕೊಟ್ಟುಬಿಟ್ಟೆನೇನೋ ಎಂಬಂತೆ ಕಸಿದುಕೊಂಡಳು. ಮಂಚದ ಮೇಲಿಂದ ಭಾಗ್ಯಶ್ರೀ ನೋಡಿದಳು. ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಗುತ್ತಿತ್ತು, ಮುಗಿಯುತ್ತಿತ್ತು. ಅಂದಿನಿಂದ ಅವನು ಮಗುವಿನ ಸುತ್ತ ಎಲ್ಲ ಕೆಲಸ ಮಾಡಿದ್ದ, ಔಷಧಿ, ಬಿಸಿನೀರು, ಸೊಳ್ಳೆಪರದೆ, ಟ್ಯಾಂಕರಿನವನಿಗೆ ಫೋನು. ಮಗುವನ್ನು ಮಾತ್ರ ಎತ್ತಿಕೊಂಡಿರಲಿಲ್ಲ. ಮನೆಯಲ್ಲಿ ಯಾರೂ ಅದನ್ನು ಗಮನಿಸದ ಹಾಗೆ ಇರುತ್ತಿದ್ದರು, ಅಷ್ಟು ಎಚ್ಚರದಿಂದ ಗಮನಿಸದೆ ಇರುತ್ತಿದ್ದರು, ಅವನು ಕೋಣೆಗೆ ಬಂದರೆ ಕಮಲಮ್ಮ ತಾನಾಗಿಯೇ ಎದ್ದು ಮಗುವನ್ನು ಎತ್ತಿಕೊಳ್ಳುತ್ತಿದ್ದಳು.

“ಸರ್, ಮುಖ ಪೂರ್ತಿ ಮುಚ್ಚಿದೀರಲ್ಲ. ಉಸಿರಾಡಕ್ಕೆ—” ಸೌಮ್ಯಾಳ ಬೆರಳು ಕುಂಚಿಗೆಯ ಅಂಚಿಗೆ ಬಂತು. ರುದ್ರೇಶ ಥಟ್ಟನೆ ಪಕ್ಕಕ್ಕೆ ತಿರುಗಿದ. “ಮುಟ್ಟಬೇಡಿ. ಏಳುತ್ತೆ” ಎಂದ. ಈ ಸಲ ಬಾಯಿ ತೆರೆದೇ ಸುಳ್ಳು ಹೇಳಿದಂತಾಯಿತು. ಅವಳು ಕೈ ಹಿಂದೆ ತೆಗೆದುಕೊಂಡು, “ಸಾರಿ ಸರ್, ಕೈ ತೊಳ್ದಿರ್ಲಿಲ್ಲ ಬೇರೆ” ಎಂದಳು, ನಿಜಕ್ಕೂ ನಾಚಿಕೊಂಡು. ಅವಳಿಗೆ ಅವಮಾನ ಮಾಡಿದೆನೆಂದು ಅವನಿಗೆ ಇನ್ನಷ್ಟು ಕಿರಿಕಿರಿಯಾಯಿತು.

ಪ್ರಾಮುಗಳು ಗೋಡೆಯುದ್ದಕ್ಕೂ ಮೂತಿ ಮುಂದೆ ಮಾಡಿಕೊಂಡು ನಿಂತಿದ್ದವು. ಮಹದೇವಪುರದ ಫ್ಯಾಕ್ಟರಿಯಲ್ಲಿ ಪಂಪಿನ ಬಿಡಿಭಾಗಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸರಿಯಿಲ್ಲದ್ದಕ್ಕೆ ಕೆಂಪು ಚೀಟಿ ಅಂಟಿಸುವುದು ಅವನ ಕೆಲಸ. ಲೈನಿನ ಕೆಲಸಗಾರರು ಅವನ ಬೆನ್ನ ಹಿಂದೆ ರಿಜೆಕ್ಟ್ ರುದ್ರಣ್ಣ ಎನ್ನುತ್ತಾರೆಂಬುದು ಅವನಿಗೆ ಗೊತ್ತಿತ್ತು. ಮೊದಲನೆಯದರಲ್ಲಿ ಬೆನ್ನು ಪೂರ್ತಿ ಮಟ್ಟಸವಾಗುತ್ತಿರಲಿಲ್ಲ. ಎಳೆಗೂಸಿನ ಕತ್ತು ಮುಂದಕ್ಕೆ ಬಿದ್ದು ಉಸಿರು ಕಟ್ಟಬಹುದು. ಇನ್ನೊಂದು ಚೆನ್ನಾಗಿ ಮಲಗುತ್ತಿತ್ತು, ಆದರೆ ಅದರ ಚಕ್ರ ಚಕ್ಕುಲಿಯಷ್ಟು; ಅಪಾರ್ಟ್‌ಮೆಂಟಿನ ಗೇಟು ದಾಟಿದರೆ ಚರಂಡಿಯ ಕಲ್ಲುಚಪ್ಪಡಿಗಳ ನಡುವಿನ ಸಂದಿಯಲ್ಲೇ ಸಿಕ್ಕಿಕೊಳ್ಳುತ್ತದೆ. ದೊಡ್ಡ ಚಕ್ರದ್ದು ಲಿಫ್ಟಿನ ಬಾಗಿಲಲ್ಲಿ ಹಿಡಿಸುವುದಿಲ್ಲ. ಮತ್ತೊಂದು ಮಡಚುವಾಗ ಕತ್ತರಿಯ ಹಾಗೆ ಬೆರಳು ಕಚ್ಚಿತು. ಎಲ್ಲದರ ಮೇಲೂ ಅಂಟಿಸಿದ ಚಿತ್ರದಲ್ಲಿ ಒಬ್ಬ ತೆಳ್ಳನೆಯ ಹೆಂಗಸು ಕನ್ನಡಿಯಂಥ ರಸ್ತೆಯ ಮೇಲೆ, ಮರಗಳ ಕೆಳಗೆ, ಒಂದೇ ಕೈಯಲ್ಲಿ ಪ್ರಾಮ್ ತಳ್ಳಿಕೊಂಡು ನಗುತ್ತಿದ್ದಳು. ಆ ರಸ್ತೆ ಎಲ್ಲಿದೆ? ಕಾಡುಗೋಡಿಯ ಕಡೆ ಹೊರಟರೆ ನೀರಿನ ಟ್ಯಾಂಕರುಗಳು, ಜಲ್ಲಿ ಲಾರಿಗಳು. ಈ ಕಡೆ ಹೊರಟರೆ ಅಗೆದು ಬಿಟ್ಟ ಕೇಬಲ್ ಗುಂಡಿ. ಕೊನೆಗೆ ಯಾವುದನ್ನು ಕೊಂಡರೂ ಅದನ್ನು ತಳ್ಳುವುದು ಅಪಾರ್ಟ್‌ಮೆಂಟಿನ ಒಳಗೇ, ಜನರೇಟರಿನ ಹಿಂದಿನಿಂದ ಹಾಯ್ದು ಕಸದ ಡಬ್ಬಗಳ ಮುಂದಿನಿಂದ ಸುತ್ತಿ ಮತ್ತೆ ಜನರೇಟರಿನ ಹಿಂದಕ್ಕೆ, ಗಾಣದೆತ್ತಿನ ಹಾಗೆ. ಸಂಜೆ ಅಲ್ಲಿ ಹಾಗೆ ಸುತ್ತುವ ಗಂಡಸರನ್ನು ಅವನು ನೋಡಿದ್ದ. ಅವರ ಕೈಗಳು ಹ್ಯಾಂಡಲಿನ ಮೇಲಿರುತ್ತಿದ್ದವು. ಮಗುವನ್ನು ಎತ್ತಿಕೊಂಡಿಲ್ಲವೇಕೆ ಎಂದು ಯಾರೂ ಅವರನ್ನು ಕೇಳುತ್ತಿರಲಿಲ್ಲ. ಅದನ್ನು ನೋಡಿದ ದಿನವೇ ಅವನು ಇಂಟರ್‌ನೆಟ್ಟಿನಲ್ಲಿ ಪ್ರಾಮ್ ಹುಡುಕತೊಡಗಿದ್ದ.

“ಈ ಬೆಲ್ಟು ಎಷ್ಟು ಕೆಜಿ ಎಳೆತ ತಡೆಯುತ್ತೆ?”

“ಅಂದ್ರೆ ಸರ್?”

“ಮಗು ಮುಂದಕ್ಕೆ ಜಾರಿದ್ರೆ. ಈ ಕ್ಲಿಪ್ಪು ಪ್ಲಾಸ್ಟಿಕ್ಕು. ಬಿಟ್ಕೊಂಡ್ರೆ?”

“ಫೈವ್ ಪಾಯಿಂಟ್ ಸರ್ ಇದು. ಭುಜ, ಸೊಂಟ, ಕಾಲಿನ ಮಧ್ಯೆ. ಹಾಕಿದ್ರೆ ಅಲ್ಲಾಡಲ್ಲ ಪಾಪು. ಎಲ್ಲಾ ಕಸ್ಟಮರ್ರೂ ಇದ್ನೇ ತಗೊಂಡೋಗೋದು.”

“ಎಲ್ಲಾ ಕಸ್ಟಮರ್ರೂ ಅಂದ್ರೆ ಟೆಸ್ಟ್ ಆದಂಗಲ್ಲ.”

ಸೌಮ್ಯಾ ತಾಳ್ಮೆಯಿಂದ ನಕ್ಕಳು. ಪಕ್ಕದಲ್ಲಿ ಹಾಲಿನ ಬಾಟಲಿ ಆರಿಸುತ್ತಿದ್ದ ದಂಪತಿ ಅವನ ಕಡೆ ತಿರುಗಿದರು. ಗಂಡನ ಕಣ್ಣಲ್ಲಿ ಸಹಾನುಭೂತಿ ಇತ್ತು, ಹೆಂಡತಿಯ ಕಣ್ಣಲ್ಲಿ ಮೆಚ್ಚುಗೆ. ನಿಂತಲ್ಲೇ ತಾನು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ತೂಗುತ್ತಿದ್ದೇನೆ ಎಂಬುದು ರುದ್ರೇಶನಿಗೆ ಆಗ ತಿಳಿಯಿತು. ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ತೂಗುತ್ತಿದ್ದ. ನಿನ್ನೆ ಸಂಜೆ ಭಾಗ್ಯಶ್ರೀ ಒಗೆದ ಬಟ್ಟೆಗಳನ್ನು ಮಡಚುತ್ತ, ತಲೆ ಎತ್ತದೆ ಕೇಳಿದ್ದಳು. “ಅವ್ವ ಊರಿಗೆ ಕರ್ಕೊಂಡು ಹೊಕ್ಕೀನಿ ಅನ್ನಾಕತ್ತಾಳ. ಐದು ತಿಂಗಳು. ಇರ್ಲೋ, ಹೋಗ್ಲೋ?” ಇಷ್ಟೇ. ಇರು ಎನ್ನಲು ಅವನಿಗೆ ಯಾವ ಅಧಿಕಾರವಿತ್ತು? ಅತ್ತೆ ಹೋದರೆ ಹಗಲು ಅವಳೊಬ್ಬಳೇ, ಹೊಟ್ಟೆಯ ಹೊಲಿಗೆ ಇನ್ನೂ ಹಸಿ, ರಾತ್ರಿ ಮಗು ಅತ್ತರೆ ಅವಳು ಏಳುತ್ತಾಳೆ, ಅವನು ಲೈಟು ಹಾಕುತ್ತಾನೆ. ಲೈಟು ಹಾಕುವವನು ಇರು ಎನ್ನಬಹುದೇ? ಹೋಗು ಎನ್ನಲೂ ಆಗಲಿಲ್ಲ; ಹೋದರೆ ಈ ಕೈಗಳು ಹೀಗೆಯೇ ಗಟ್ಟಿಯಾಗಿಬಿಡುತ್ತವೆ, ಐದು ತಿಂಗಳ ಮೇಲೆ ಬರುವ ಮಗು ಅವನನ್ನು ನೋಡಿ ಅಳುತ್ತದೆ, ಅದೂ ನ್ಯಾಯವೇ ಆಗಿರುತ್ತದೆ. “ನಾಳೆ ಪ್ರಾಮ್ ತರ್ತೀನಿ. ಆಮ್ಯಾಲ ನೋಡೂಣು” ಎಂದಿದ್ದ. ಮಡಚುತ್ತಿದ್ದ ಬಟ್ಟೆಯನ್ನು ಅವಳು ಬಿಚ್ಚಿ ಮತ್ತೆ ಮೊದಲಿನಿಂದ ಮಡಚಿದಳು.

ಕೊನೆಗೆ ಉಳಿದದ್ದು ನೀಲಿ ಬಣ್ಣದ್ದೊಂದು. ಅದರಲ್ಲಿ ತಪ್ಪು ಸಿಗಲಿಲ್ಲ. ಅದಕ್ಕೇ ಅವನಿಗೆ ಅನುಮಾನ. “ಇಳಿಜಾರಲ್ಲಿ ಬ್ರೇಕ್ ನೋಡ್ಬೇಕು” ಎಂದ. “ಹೊರಗಡೆ ಪಾರ್ಕಿಂಗ್ ರ‍್ಯಾಂಪ್ ಇದೆಯಲ್ಲ.”

ಸೌಮ್ಯಾಳ ನಗು ಮೊದಲ ಸಲ ಮಾಸಿತು. “ಪಾಪೂನ ಇಟ್ಕೊಂಡಾ ಸರ್? ಬೇಡ ಸರ್. ಬೇಕಾದ್ರೆ ಡೈಪರ್ ಪ್ಯಾಕ್ ಇಟ್ಟು ನೋಡಿ.”

“ಡೈಪರ್ ಹಗುರ.”

“ಮೇಡಂನ ಕರ್ಕೊಂಡ್ ಬಂದಿದ್ರೆ ಚೆನ್ನಾಗಿರ್ತಿತ್ತು” ಎಂದು ಅವಳು ತನ್ನಷ್ಟಕ್ಕೆಂಬಂತೆ ಹೇಳಿ, ಸೆಕ್ಯುರಿಟಿಯವನಿಗೆ ಕಣ್ಣಲ್ಲೇ ಅನುಮತಿ ಕೊಟ್ಟು, ಹಿಂದೆಯೇ ಬಂದಳು.

ಹೊರಗೆ ಬಿಸಿಲು. ರ‍್ಯಾಂಪಿನ ಕೆಳತುದಿಯಲ್ಲಿ ಮುನಿಯಕ್ಕ ಎಂದು ಎಲ್ಲರೂ ಕರೆಯುವ ಕಸ ಗುಡಿಸುವ ಹೆಂಗಸು ಪೊರಕೆಯ ಹಿಡಿಯನ್ನು ನೆಲಕ್ಕೆ ಕುಟ್ಟಿ ಬಿಗಿಮಾಡುತ್ತ ಕೂತಿದ್ದಳು. “ಅಕ್ಕಾ, ಸ್ವಲ್ಪ ಸರ್ಕೊಳ್ಳಿ” ಎಂದು ಮೇಲಿಂದ ಸೌಮ್ಯಾ ಕೂಗಿದಳು. “ಯಾಕ್ ಸರ್ಕಂಬೇಕು? ತೇರು ಬತ್ತದಾ?” ಎಂದಳು ಮುನಿಯಕ್ಕ, ಅಲ್ಲಾಡದೆ. ರುದ್ರೇಶ ಗುಂಡಪ್ಪನನ್ನು ಮಲಗಿಸಿದ. ಬೆಲ್ಟಿನ ಬಗ್ಗೆ ಅಷ್ಟು ಕೇಳಿದವನಿಗೆ ಬೆಲ್ಟು ಹಾಕಬೇಕು ಅನ್ನಿಸಲಿಲ್ಲ. ಕಲ್ಲಿಗೆ ಭುಜವೆಲ್ಲಿ, ಸೊಂಟವೆಲ್ಲಿ. ಬ್ರೇಕು ಒತ್ತಿದ. ಪ್ರಾಮ್ ನಿಂತಿತು, ಗಟ್ಟಿಯಾಗಿ. ಬ್ರೇಕು ಎತ್ತಿದ, ಒಂದೆರಡು ಹೆಜ್ಜೆ ಬಿಟ್ಟ, ಒತ್ತಿದ, ನಿಂತಿತು. ಮತ್ತೆ ಎತ್ತಿದ. ಆಗ ಫೋನು ಬಂತು.

“ರೀ, ಎಲ್ಲಿ ಅದೀರಿ?” ಭಾಗ್ಯಶ್ರೀ. ಹಿಂದೆ ಪಾತ್ರೆಯ ಸದ್ದು, ಯಾರದೋ ಗಂಡುದನಿ. “ಹಣಮಂತ ಮಾಮಾ ಬಂದಾನ. ಕಾರು ಖಾಲಿ ಹೊಂಟೈತಂತ ಊರಿಗೆ, ಸಂಜೀಕ. ಅವ್ವ ಚೀಲ ತುಂಬಾಕತ್ತಾಳ.”

“ಇವತ್ತ?”

“ಇವತ್ತ. ನಾ ಏನ್ ಹೇಳ್ಲಿ ಅಂತ ಕೇಳಾಕತ್ತೀನಿ.”

“ಗಾಡಿ ಒಂದು ನೋಡೀನಿ. ಬ್ರೇಕ್ ಚೊಲೋ ಐತಿ.”

ಆ ಕಡೆ ಬಟ್ಟೆ ಬಿಚ್ಚಿ ಮತ್ತೆ ಮಡಚುವ ಸದ್ದು. ಅದು ಅವನಿಗೆ ಚೆನ್ನಾಗಿ ಗೊತ್ತಿದ್ದ ಸದ್ದು. “ನಾ ಗಾಡಿ ಸುದ್ದಿ ಕೇಳಿಲ್ರಿ” ಎಂದಳು. ಸಿಗ್ನಲ್ ಕಡಿಮೆಯಾಗಿದೆಯೆಂದು ತನಗೆ ತಾನೇ ಹೇಳಿಕೊಂಡು ಅವನು ಹಿಂದಕ್ಕೆ ತಿರುಗಿ ಗೋಡೆಯ ಕಡೆ ನಾಲ್ಕು ಹೆಜ್ಜೆ ನಡೆದ. ಕೈ ಹ್ಯಾಂಡಲನ್ನು ಯಾವಾಗ ಬಿಟ್ಟಿತೋ. ಕಾಲು ಬ್ರೇಕಿನ ಮೇಲಿತ್ತು ಎಂದು ಅವನು ಆಮೇಲೆ ಬಹಳ ಸಲ ನೆನಪಿಸಿಕೊಳ್ಳಲು ನೋಡಿದ, ಇರಲಿಲ್ಲ.

“ಸರ್! ಸರ್, ಪಾಪು!”

ತಿರುಗಿದಾಗ ನೀಲಿ ಪ್ರಾಮ್ ರ‍್ಯಾಂಪಿನ ನಡುವೆ ಹೋಗುತ್ತಿತ್ತು. ಮೊದಲು ಸಾವಧಾನವಾಗಿ, ಆ ಚಿತ್ರದ ಹೆಂಗಸೇ ತಳ್ಳುತ್ತಿರುವ ಹಾಗೆ, ಆಮೇಲೆ ಜೋರಾಗಿ. ಸೌಮ್ಯಾ ಕೂಗುತ್ತ ಓಡುತ್ತಿದ್ದಳು, ಸೆಕ್ಯುರಿಟಿಯವನು ಓಡುತ್ತಿದ್ದ, ಕಾರಿನಿಂದ ಇಳಿಯುತ್ತಿದ್ದವರು ಬಾಗಿಲು ತೆರೆದೇ ಬಿಟ್ಟು ಓಡುತ್ತಿದ್ದರು, ರುದ್ರೇಶ ನಿಂತಿದ್ದ. ಕಲ್ಲು ಅದು. ಓಡುವ ಅಗತ್ಯವಿಲ್ಲ. ಅವನ ತಲೆ ಬಹಳ ತಿಳಿಯಾಗಿತ್ತು. ಮುಂದಿನ ಚಕ್ರ ಎಡಕ್ಕೆ ಎಳೆಯುತ್ತಿದೆ, ಒಳಗೆ ಗೊತ್ತಾಗಿರಲಿಲ್ಲ, ಇಳಿಜಾರಲ್ಲಿ ಗೊತ್ತಾಗುತ್ತಿದೆ, ಎಂದು ಗುರುತು ಹಾಕಿಕೊಂಡ. ಎಲ್ಲರೂ ಓಡುತ್ತಿರುವಾಗ ನಿಂತಿರುವ ತಂದೆ ಹೇಗೆ ಕಾಣುತ್ತಾನೆಂಬುದೂ ತಿಳಿಯುತ್ತಿತ್ತು. ಹೀಗೆಯೇ ಇರುತ್ತದೆಯೇ? ನಿಜಕ್ಕೂ ಆ ದಿನ ಬಂದರೆ ಹೀಗೆಯೇ, ಇಷ್ಟೇ ತಿಳಿಯಾಗಿ, ಚಕ್ರ ಎಡಕ್ಕೆ ಎಳೆಯುವುದನ್ನು ನೋಡುತ್ತ ನಿಂತಿರುತ್ತೇನೆಯೇ?

ಮುನಿಯಕ್ಕ ಪೊರಕೆ ಎಸೆದು ಮಂಡಿಯೂರಿ ಅಡ್ಡಬಿದ್ದಳು. ಪ್ರಾಮ್ ಅವಳ ಭುಜಕ್ಕೆ ಬಡಿದು ಮಗ್ಗುಲಾಯಿತು. ಕುಂಚಿಗೆಯ ಗಂಟು ಹೊರಗೆ ಹಾರಿ ಸಿಮೆಂಟಿನ ಮೇಲೆ ಬಿತ್ತು. ಆ ಸದ್ದು. ಕಲ್ಲು ಬಿದ್ದರೆ ಕಲ್ಲಿನದೇ ಸದ್ದಾಗಬೇಕು, ಆಯಿತು ಕೂಡ. ಆದರೂ ಅವನು ಗೋಡೆ ಹಿಡಿದುಕೊಂಡ. ಫೋನು ಕಿವಿಗೇ ಇತ್ತು.

“ರೀ! ಏನಾತ್ರೀ? ಯಾರು ಚೀರಿದ್ರು? ಯಾರ ಕೂಸ್ರಿ ಬಿದ್ದಿದ್ದು?”

“ನಮ್ಮದು” ಎಂದ ರುದ್ರೇಶ.

ಭಾಗ್ಯಶ್ರೀಯ ಮಡಿಲಲ್ಲಿ ಮಗು ಸೀನಿದ್ದು ಅವನಿಗೆ ಫೋನಿನಲ್ಲಿ ಕೇಳಿಸಿತು. ಸೀನು ಎಷ್ಟು ಸಣ್ಣದಾಗಿತ್ತು.

ಕೆಳಗೆ ಜನ ಸುತ್ತುಗಟ್ಟಿದ್ದರು. ಯಾರಿಗೂ ಮುಟ್ಟುವ ಧೈರ್ಯವಿರಲಿಲ್ಲ. ಮುನಿಯಕ್ಕನೇ ಬಟ್ಟೆ ಸರಿಸಿದಳು, ಸರಿಸಿ ಹಾಗೇ ಕೂತಳು, ಆಮೇಲೆ ತಲೆ ಎತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದಳು.

“ಕಲ್ಲು ಕಣ್ರಪ್ಪೋ!”

ಯಾರೋ ನಕ್ಕರು. ಯಾರೋ ಬೈದರು. “ಏನ್ರೀ ಇದು, ಪ್ರ್ಯಾಂಕಾ? ಕ್ಯಾಮೆರಾ ಎಲ್ಲಿಟ್ಟಿದೀರಾ?” ಎಂದು ಕಾರಿನವನೊಬ್ಬ ಸುತ್ತ ಹುಡುಕಿದ. ಸೌಮ್ಯಾ ರ‍್ಯಾಂಪಿನ ಮೇಲೇ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅವಳು ಕೈ ತೊಳೆಯಲಿಲ್ಲವೆಂದು ಕ್ಷಮೆ ಕೇಳಿದ್ದು ಈ ಕಲ್ಲಿನ ಹತ್ತಿರ. ರುದ್ರೇಶ ಇಳಿದುಬಂದ. ಹೇಳಬೇಕಾದ್ದೆಲ್ಲ ಅಂಗಡಿಯ ಬಾಗಿಲಲ್ಲೇ ಹೇಳಬೇಕಾಗಿತ್ತು; ಈಗ ಯಾವ ಮಾತೂ ಈ ವೃತ್ತದೊಳಗೆ ಹಿಡಿಸುವಂತಿರಲಿಲ್ಲ. “ಶಾಸ್ತ್ರ” ಎಂದ. ಒಂದೇ ಪದ. ಅದು ಅವನ ಕಿವಿಗೇ ಹುಚ್ಚುಹುಚ್ಚಾಗಿ ಕೇಳಿತು.

“ಎಂತಾ ಶಾಸ್ತ್ರನಪ್ಪ?” ಮುನಿಯಕ್ಕ ಸೀರೆ ಮೇಲೆತ್ತಿ ತರಚಿದ ಮಂಡಿ ತೋರಿಸಿದಳು. “ಕಲ್ಲಿಗೋಸ್ಕರ ಮಂಡಿ ಒಡ್ಕಂಡ್ನಲ್ಲ. ನನ್ ಮೊಮ್ಮಗ ಬಿದ್ದಾಗ್ಲೂ ಇಂಗೆ ಅಡ್ಡ ಬಿದ್ದಿರ್ನಿಲ್ಲ ಕಣಯ್ಯ. ನೀನೋ ಅಲ್ಲಿ ಮೇಲೆ ಕಂಬದಂಗೆ ನಿಂತಿದ್ದೆ!” ಎಂದು ಬೈಯುತ್ತ ಬೈಯುತ್ತಲೇ ಅವಳಿಗೆ ನಗು ಬಂದುಬಿಟ್ಟಿತು, ಕಣ್ಣಲ್ಲಿ ನೀರು ಬರುವಂಥ ನಗು, ನಗುವೋ ಹೆದರಿಕೆ ಇಳಿದದ್ದೋ. “ತಕ್ಕೋ ನಿನ್ ಮಗನ್ನ” ಎಂದು ಗುಂಡಪ್ಪನನ್ನು ಎತ್ತಿ ಚಾಚಿದಳು. ಅವನು ತೆಗೆದುಕೊಂಡ. ಕುಂಚಿಗೆ ಹರಿದಿತ್ತು. ಕಲ್ಲಿನ ಒಂದು ಅಂಚು ಉಗುರಿನಷ್ಟು ಮುಕ್ಕಾಗಿ, ಒಳಗಿನ ಹೊಸ ಬಿಳುಪು ಕಾಣುತ್ತಿತ್ತು.

ಅವಳ ಮಂಡಿಗೆ ಔಷಧಿ ತಂದುಕೊಟ್ಟ. ತಾನು ಕ್ಷಮೆ ಕೇಳಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಅಂಗಡಿಯ ಮ್ಯಾನೇಜರ್ ಬಂದು ಬಾಗಿದ ಹ್ಯಾಂಡಲನ್ನು ತಟ್ಟಿ ನೋಡಿ, “ಇದನ್ನ ವಾಪಸ್ ಇಟ್ಕೊಳ್ಳಕ್ಕೆ ಆಗಲ್ಲ ಸರ್” ಎಂದ. ಸಾಲಿನಲ್ಲಿದ್ದ ಎಲ್ಲವನ್ನೂ ತಿರಸ್ಕರಿಸಿದ ರುದ್ರೇಶ, ಚಕ್ರ ಎಡಕ್ಕೆ ಎಳೆಯುವ, ಹ್ಯಾಂಡಲ್ ಸೊಟ್ಟಗಾದ ನೀಲಿ ಪ್ರಾಮನ್ನೇ ಬಿಲ್ ಮಾಡಿಸಿ ಮಡಚಿ ಆಟೋದ ಹಿಂದೆ ತುರುಕಿಸಿದ. ಕಲ್ಲು ತೋಳಿನಲ್ಲಿತ್ತು. ದಾರಿಯುದ್ದಕ್ಕೂ ಅವನು ಅದರ ಮುಕ್ಕಾದ ಜಾಗವನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದ.

ಮನೆಯ ಬಾಗಿಲು ತೆರೆದೇ ಇತ್ತು. ಹಾಲಿನಲ್ಲಿ ಚೀಲಗಳು ಕಟ್ಟಿ ನಿಂತಿದ್ದವು. ಹಣಮಂತ ಕಾರು ತಿರುಗಿಸಲು ಕೆಳಗೆ ಹೋಗಿದ್ದ. ಕಮಲಮ್ಮ ಅಳಿಯನ ತೋಳಿನಿಂದ ಕಲ್ಲನ್ನು ತೆಗೆದುಕೊಂಡು ಹರಿದ ಕುಂಚಿಗೆ ಬಿಚ್ಚಿ, ಹೆಬ್ಬೆರಳಿನಿಂದ ಮುಕ್ಕನ್ನು ಸವರಿದಳು. ಅಪಶಕುನ ಎಂದು ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಒಳ್ಳೆಯದಿತ್ತು. ಅವಳು ವಿಭೂತಿಯ ಗಟ್ಟಿಯನ್ನು ತಂದು ಮುಕ್ಕಾದಲ್ಲಿ ತಿಕ್ಕಿದಳು, ತರಚಿದ ಗಾಯಕ್ಕೆ ಹಚ್ಚುವ ಹಾಗೆ, ತುಟಿ ಬಿಗಿಹಿಡಿದು.

ಭಾಗ್ಯಶ್ರೀ ಹೊರಡುವ ಸೀರೆ ಉಟ್ಟು ಮಂಚದ ತುದಿಯಲ್ಲಿ ಕೂತಿದ್ದಳು, ಮಗು ಮಡಿಲಲ್ಲಿ. ಅವನು ಬಾಗಿಲ ಚೌಕಟ್ಟಿನಲ್ಲೇ ನಿಂತ.

“ನಾ ಓಡ್ಲಿಲ್ಲ” ಎಂದ.

ಅವಳು ತಲೆ ಎತ್ತಿದಳು.

“ಎಲ್ಲಾರೂ ಓಡಿದ್ರು. ನಾ ನಿಂತಿದ್ದೆ. ಕಲ್ಲಂತ ಗೊತ್ತಿತ್ತು, ಅದಕ್ಕ ಓಡ್ಲಿಲ್ಲ ಅಂತ ಅನ್ಕೊಂಡೀನಿ. ಕೂಸಾಗಿದ್ರ ಓಡ್ತಿದ್ನೋ ಇಲ್ಲೋ, ನಂಗ ಗೊತ್ತಿಲ್ಲ.” ಇಷ್ಟು ಉದ್ದದ ಮಾತನ್ನು ಅವನು ಈ ಕೋಣೆಯಲ್ಲಿ ಆಡಿ ಎಷ್ಟು ದಿನವಾಗಿತ್ತೋ. “ಆಸ್ಪತ್ರ್ಯಾಗ ನೀ ನೋಡಿದೆಲ್ಲ. ಹಂಗ.”

“ನೋಡೀನಿ” ಎಂದಳು ಭಾಗ್ಯಶ್ರೀ. ಅಷ್ಟು ದಿನದ ಮೌನ ಒಂದೇ ಪದದಲ್ಲಿ ಮುಗಿದದ್ದು ಅವನಿಗೆ ಮೋಸದಂತೆ ಕಂಡಿತು. ಅವಳ ಮುಖದಲ್ಲಿ ಕನಿಕರವಿರಲಿಲ್ಲ, ಸಾಕಾಗಿಹೋದವರ ಮುಖ. “ಏನ್ ಮನಿಶಾರೀ ನೀವು. ಗೊತ್ತಿಲ್ಲ ಅಂದ್ರ ನಂಗರೆ ಗೊತ್ತೈತೇನು? ನಂಗೂ ಕೈ ನಡುಗತಾವ. ದಿನಾ ನಡುಗತಾವ. ನಾ ಯಾರ ಕೈಯಾಗ ಕೊಡ್ಲಿ, ಯಾವ ಸಿಸ್ಟರ್‌ಗೆ ಕೊಡ್ಲಿ?” ಎದ್ದಳು, ಹೊಲಿಗೆ ಎಳೆದಿರಬೇಕು, ಒಂದು ಗಳಿಗೆ ಬಗ್ಗಿ ನಿಂತಳು. “ಹಿಡೀರಿ. ಮುಖ ತೊಳ್ಕೊಂಡು ಬರ್ತೀನಿ.” ಅವನು ಹೂಂ ಅನ್ನುವ ಮೊದಲೇ ಮಗುವನ್ನು ಅವನ ಎಡತೋಳಿನಲ್ಲಿ, ದಿನವೆಲ್ಲ ಕಲ್ಲು ಕುಳಿತ ಬೆವರಿನ ಜಾಗದಲ್ಲಿ, ಇಟ್ಟು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ತೋಳು ತಾನಾಗಿ ಮೇಲಕ್ಕೆ ಎದ್ದಿತು. ತುಂಬಿದೆಯೆಂದು ಎತ್ತಿದ ಕೊಡ ಖಾಲಿಯಿದ್ದಾಗ ಏಳುವ ಹಾಗೆ. ಕಲ್ಲಿನ ಭಾರಕ್ಕೆ ಸಿದ್ಧವಾಗಿದ್ದ ಕೈಗೆ ಮಗು ಏನೂ ಅಲ್ಲ ಅನ್ನುವಷ್ಟು ಹಗುರ. ಆ ಹಗುರಕ್ಕೇ ಅವನು ಬೆಚ್ಚಿದ. ಬಟ್ಟೆಯೊಳಗೆ ಅದೇ ಮೀನು ಸರಕ್ಕನೆ ತಿರುಗಿತು. ಮೊಣಕೈ ನಡುಗತೊಡಗಿತು. ಅಂಗೈ ಮಾತ್ರ ಬೆರಳು ಬಿಡಿಸಿಕೊಂಡು ತಲೆಯ ಕೆಳಗೆ ಹೋಗಿ ಕೂತಿತು.

ಕೆಳಗೆ ಹಣಮಂತ ಹಾರ್ನ್ ಹೊಡೆದ. ಕಮಲಮ್ಮ ಕೋಣೆಗೆ ಬಂದಳು, ಎಂದಿನಂತೆ ಎರಡೂ ಕೈ ಚಾಚಿದಳು. “ಕೊಡ್ರಿ ಇಲ್ಲೆ. ವ್ಯಾಳ್ಯಾ ಆತು, ಹೊಂಡಬೇಕು.”

“ಬ್ಯಾಡ್ರಿ ಅತ್ತಿ” ಎಂದ ರುದ್ರೇಶ. “ಹಣಮಂತ ಮಾಮಾಗ ಹೋಗು ಅಂತ ಹೇಳ್ರಿ.”

ಅವಳು ಚಾಚಿದ ಕೈಗಳನ್ನು ಹಾಗೇ ಹಿಡಿದು ಅವನನ್ನು ನೋಡಿದಳು, ಬಚ್ಚಲ ಬಾಗಿಲನ್ನು ನೋಡಿದಳು. “ನಿಮಗ ನಡುಕ ಬಂದೈತಿ” ಎಂದಳು.

“ಬರ್ಲಿ.”

ಕಮಲಮ್ಮ ಗೊಣಗುತ್ತ ಬಾಲ್ಕನಿಗೆ ಹೋದಳು. ಬಿಸಿಯಾದದ್ದೇನೋ ಅವನ ಅಂಗಿಯೊಳಗೆ ಇಳಿದು ಹೊಟ್ಟೆಯ ಮೇಲೆ ಹರಿಯಿತು. ಅವನಿಗೆ ಅಲುಗಾಡಲು ಧೈರ್ಯವಾಗಲಿಲ್ಲ, ಕೂರಲು ಧೈರ್ಯವಾಗಲಿಲ್ಲ, ಕಾಲು ಬೆರಳಿನಲ್ಲಿ ತುರಿಕೆ ಶುರುವಾಗಿತ್ತು. ಬಚ್ಚಲಲ್ಲಿ ನಲ್ಲಿ ಹರಿಯುತ್ತಲೇ ಇತ್ತು. ಮುಖ ತೊಳೆಯಲು ಇಷ್ಟು ಹೊತ್ತು ಬೇಕೇ? ಟ್ಯಾಂಕರಿನ ನೀರು, ಈ ವಾರ ಇನ್ನೊಂದು ಬರುವುದಿಲ್ಲ, ಅವಳಿಗೆ ಗೊತ್ತು. ನಿಲ್ಲಿಸು ಎಂದು ಕೂಗಲು ಬಾಯಿ ತೆರೆದ. ತೋಳಿನಲ್ಲಿದ್ದದ್ದು ನಿದ್ದೆಗೆ ಜಾರುತ್ತಿತ್ತು. ಕೂಗಲಿಲ್ಲ. ನೀರು ಹರಿಯುವ ಸದ್ದಿಗೆ, ಒಂದು ಕಾಲಿನಿಂದ ಇನ್ನೊಂದಕ್ಕೆ, ನಿಂತಲ್ಲೇ ತೂಗುತ್ತಿದ್ದ.